ನಮ್ಮ ಗ್ಯಾಲಕ್ಸಿಗೆ ತೋಳು ಎರಡಾ ನಾಲ್ಕಾ? ದೈತ್ಯ ನಕ್ಷತ್ರ ಹುಡುಕೋದಕ್ಕೂ ನಕ್ಷೆ ಬಿಡಿಸೋದಕ್ಕೂ ಏನು ಸಂಬಂಧ?

ಮೇಷ್ಟ್ರು_ತಿಪಟೂರು

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಲ್ಲಿ ವಿಜ್ಞಾನ ಹೇಳ್ಕೊಡ್ತೀನಿ. ಆಕಾಶಗಂಗೆ ಅಂದ್ರೆ ಸಾಕು ಎಲ್ಲಾ ಕಡೆ ಒಂದೇ ಚಿತ್ರ ಬರುತ್ತಲ್ಲ, ನಡುವೆ ಹಳದಿ ಪಟ್ಟಿ, ಸುತ್ತ ನೀಲಿ ಸುರುಳಿ ತೋಳು, ಒಂದು ಕಡೆ 'ಸೂರ್ಯ ಇಲ್ಲಿದ್ದಾನೆ' ಅಂತ ಬಾಣ. ಒಂಬತ್ತನೇ ಕ್ಲಾಸಿನ ಹುಡುಗಿ ಕೇಳಿದ್ಲು, ಸಾರ್ ನಾವು ಅದರ ಒಳಗೇ ಇದ್ದೀವಲ್ಲ, ಹೊರಗೆ ಹೋಗಿ ಫೋಟೋ ತೆಗೆದವರು ಯಾರು? ಅದು ಫೋಟೋ ಅಲ್ಲಮ್ಮ, ನಾಸಾದ ಸ್ಪಿಟ್ಜರ್ ಬಾಹ್ಯಾಕಾಶ ಟೆಲಿಸ್ಕೋಪಿನ ಕಡೆಯ ರಾಬರ್ಟ್ ಹರ್ಟ್ ಅನ್ನೋರು 2008ರಲ್ಲಿ ಆಗ ಗೊತ್ತಿದ್ದ ಲೆಕ್ಕ ಇಟ್ಕೊಂಡು ಬಿಡಿಸಿದ ಚಿತ್ರ ಅಂದೆ. ಹಾಗಾದ್ರೆ ತೋಳು ಎಲ್ಲಿದೆ ಅಂತ ಅವರಿಗೆ ಹೆಂಗೆ ಗೊತ್ತಾಯ್ತು ಅಂದ್ಲು. ದೊಡ್ಡ ದೊಡ್ಡ ನಕ್ಷತ್ರಗಳ ಜಾಡು ಹಿಡಿದು ಬಿಡಿಸ್ತಾರೆ ಅನ್ನೋವರೆಗೂ ಓದಿದೀನಿ, ಆದ್ರೆ ಕೋಟಿ ಕೋಟಿ ಸಣ್ಣ ನಕ್ಷತ್ರ ಇರೋವಾಗ ಸಿಗೋದೇ ಕಷ್ಟ ಇರೋ ದೊಡ್ಡದನ್ನೇ ಯಾಕೆ ಹಿಡ್ಕೋತಾರೆ, ಕೆಲವು ಪುಸ್ತಕದಲ್ಲಿ ಎರಡು ತೋಳು ಕೆಲವುದ್ರಲ್ಲಿ ನಾಲ್ಕು ಅಂತ ಯಾಕಿದೆ, ಇದನ್ನ ಮಕ್ಕಳಿಗೆ ಹೇಳೋ ಹಾಗೆ ಯಾರಾದ್ರೂ ಬಿಡಿಸಿ ಹೇಳ್ತೀರಾ?

ರೋಹಿತ_ರೇಖೆ

ಮೇಷ್ಟ್ರೇ, ಆ ಹುಡುಗಿ ಕೇಳಿರೋದು ಇನ್ನೂರು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಜನರ ನಿದ್ದೆ ಕೆಡಿಸಿರೋ ಪ್ರಶ್ನೆ. ನಕ್ಷತ್ರಗಳ ಸ್ಪೆಕ್ಟ್ರಮ್ (ಅವುಗಳ ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿ) ಮೇಲೆ ಕೆಲಸ ಮಾಡಿದೀನಿ, ಗೊತ್ತಿರೋದು ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ವಯಸ್ಸಿನ ಲೆಕ್ಕ ನೋಡಿ, ಇಡೀ ವಿಷಯ ಅದರ ಮೇಲೇ ನಿಂತಿದೆ. ನಮ್ಮ ಸೂರ್ಯ ಸೆಕೆಂಡಿಗೆ 230 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಓಡ್ತಿದ್ರೂ ಗ್ಯಾಲಕ್ಸಿ ಸುತ್ತ ಒಂದು ಸುತ್ತು ಬರೋಕೆ ಸುಮಾರು 23 ಕೋಟಿ ವರ್ಷ ಬೇಕು. ಹುಟ್ಟಿ 460 ಕೋಟಿ ವರ್ಷ ಆಯ್ತು, ಅಂದ್ರೆ ಹತ್ತಿರ ಹತ್ತಿರ ಇಪ್ಪತ್ತು ಸುತ್ತು ಮುಗಿದಿದೆ, ಆ ಓಡಾಟದಲ್ಲಿ ಯಾವ ತೋಳಲ್ಲಿ ಹುಟ್ಟಿತ್ತು ಅನ್ನೋ ಗುರುತೇ ಅಳಿಸಿ ಹೋಗಿದೆ. ಈಗ ಸೂರ್ಯನ ಹದಿನೈದು ಹದಿನಾರು ಪಟ್ಟಿಗಿಂತ ಹೆಚ್ಚು ತೂಕದ ನಕ್ಷತ್ರ ತಗೊಳ್ಳಿ, ಓ ಟೈಪ್ ಅಂತೀವಿ. ಇಂಧನ ಅಷ್ಟು ಪಟ್ಟು ಜಾಸ್ತಿ ಇದ್ರೂ ಅದನ್ನ ಸುಡೋದು ಸೂರ್ಯನ ಹತ್ತಾರು ಸಾವಿರ ಪಟ್ಟು, ತೀರಾ ದೊಡ್ಡದಾದ್ರೆ ಹತ್ತು ಲಕ್ಷ ಪಟ್ಟು ಜೋರಾಗಿ. ಹಾಗಾಗಿ 30 ಲಕ್ಷ ವರ್ಷ, ಹೆಚ್ಚಂದ್ರೆ 1 ಕೋಟಿ ವರ್ಷದ ಆಸುಪಾಸಲ್ಲಿ ಆಯಸ್ಸು ಮುಗಿದು ಸೂಪರ್ನೋವಾ ಆಗಿ ಸಿಡಿದು ಹೋಗುತ್ತೆ. ಸುತ್ತು ಬರೋಕೆ 23 ಕೋಟಿ ವರ್ಷ, ಬದುಕೋದು 30 ಲಕ್ಷ ವರ್ಷ. ಎಲ್ಲಿ ಹುಟ್ಟಿತೋ ಅಲ್ಲೇ ಅಕ್ಕಪಕ್ಕದಲ್ಲೇ ಸಾಯುತ್ತೆ. ತೋಳು ಅಂದ್ರೇನು, ಗ್ಯಾಸ್ ಒತ್ತಾಗಿ ಸೇರಿ ಹೊಸ ನಕ್ಷತ್ರ ಹುಟ್ಟೋ ಜಾಗ. ಹಾಗಾಗಿ ಓ ಟೈಪ್ ನಕ್ಷತ್ರ ಎಲ್ಲಿ ಕಂಡ್ರೂ ಅಲ್ಲಿ ಇವತ್ತಿಗೂ ನಕ್ಷತ್ರ ಹುಟ್ತಿದೆ ಅಂತ ಧೈರ್ಯವಾಗಿ ಹೇಳಬಹುದು.

ಕಷ್ಟ ಏನಂದ್ರೆ ಅವು ತೀರಾ ಅಪರೂಪ, ನಮ್ಮ ಸುತ್ತಮುತ್ತ ಲೆಕ್ಕ ಹಾಕಿದ್ರೆ ಸುಮಾರು 30 ಲಕ್ಷ ನಕ್ಷತ್ರಕ್ಕೆ ಒಂದು ಓ ಟೈಪ್ ಸಿಗಬಹುದು ಅಷ್ಟೇ.

ಎಲ್ಲಾ ನಕ್ಷತ್ರ ಎಣಿಸಿ ನಕ್ಷೆ ಮಾಡೋ ಪ್ರಯತ್ನ ಆಗಿದೆ. 1785ರಲ್ಲಿ ವಿಲಿಯಂ ಹರ್ಷೆಲ್ ಆಕಾಶದ ಒಂದೊಂದೇ ತುಂಡಲ್ಲಿ ಎಷ್ಟು ನಕ್ಷತ್ರ ಕಾಣುತ್ತೆ ಅಂತ ಎಣಿಸಿ ಬಿಡಿಸಿದ ಆಕೃತಿಯಲ್ಲಿ ಸೂರ್ಯ ಹೆಚ್ಚುಕಮ್ಮಿ ಮಧ್ಯದಲ್ಲೇ ಬಂತು. ಕಾರಣ ನಡುವೆ ಇರೋ ಧೂಳು, ಯಾವ ದಿಕ್ಕಿಗೆ ನೋಡಿದ್ರೂ ಒಂದಷ್ಟು ದೂರಕ್ಕೆ ನೋಟ ಕಟ್ ಆಗುತ್ತೆ. ಆ ಧೂಳು ನಿಜವಾಗ್ಲೂ ಇದೆ, ಬೆಳಕು ನುಂಗ್ತಿದೆ ಅಂತ ಗಟ್ಟಿಯಾಗಿ ತೋರಿಸಿದ್ದು 1930ರಲ್ಲಿ ರಾಬರ್ಟ್ ಟ್ರಂಪ್ಲರ್. ಅದಕ್ಕೂ ಮುಂಚೆ 1918ರ ಹೊತ್ತಿಗೆ ಹಾರ್ಲೋ ಶೇಪ್ಲಿ ಗೋಳಾಕಾರದ ನಕ್ಷತ್ರಗುಚ್ಛಗಳ ದೂರ ಅಳೆದು ಸೂರ್ಯ ಮಧ್ಯದಲ್ಲಿ ಇಲ್ಲವೇ ಇಲ್ಲ ಅಂತ ಹೇಳಿದ್ರು.

ತೋಳಿನ ಮೊದಲ ತುಂಡು ಸಿಕ್ಕಿದ್ದು 1951ರಲ್ಲಿ. ಯರ್ಕ್ಸ್ ವೀಕ್ಷಣಾಲಯದ ವಿಲಿಯಂ ಮಾರ್ಗನ್, ಜೊತೆಗೆ ಸ್ಟುವರ್ಟ್ ಶಾರ್ಪ್‌ಲೆಸ್ ಮತ್ತೆ ಡೊನಾಲ್ಡ್ ಆಸ್ಟರ್‌ಬ್ರಾಕ್ ಅನ್ನೋ ಇಬ್ಬರು ಹುಡುಗರು. ಓ ಮತ್ತೆ ಅದಕ್ಕಿಂತ ಸ್ವಲ್ಪ ಕಮ್ಮಿ ಬಿಸಿಯ ಬಿ ಟೈಪಿನ ನಕ್ಷತ್ರಗಳು, ಅವುಗಳ ಬೆಳಕಿಗೆ ಕೆಂಪಗೆ ಹೊಳೆಯೋ ಹೈಡ್ರೋಜನ್ ಮೋಡಗಳು, ಇವೆರಡನ್ನೇ ಹಿಡ್ಕೊಂಡು ದೂರ ಲೆಕ್ಕ ಹಾಕಿ ಹಾಳೆ ಮೇಲೆ ಚುಕ್ಕಿ ಇಟ್ರು. ಎರಡು ಉದ್ದನೆ ಸಾಲು ಎದ್ದು ಬಂತು, ಒಂದು ನಾವಿರೋ ಒರಾಯನ್ ತೋಳು, ಇನ್ನೊಂದು ಹೊರಗಡೆ ಇರೋ ಪರ್ಸಿಯಸ್ ತೋಳು, ಒಳಗಡೆ ಮೂರನೇದರ ಸುಳಿವು. ಆ ವರ್ಷ ಡಿಸೆಂಬರಲ್ಲಿ ಕ್ಲೀವ್‌ಲ್ಯಾಂಡಿನ ಸಭೆಯಲ್ಲಿ ಮಾರ್ಗನ್ ಇದನ್ನ ತೋರಿಸಿದಾಗ ಅಲ್ಲಿದ್ದ ವಿಜ್ಞಾನಿಗಳೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿ ನೆಲಕ್ಕೆ ಕಾಲು ಬಡಿದ್ರಂತೆ. ನಾವು ಸುರುಳಿ ಗ್ಯಾಲಕ್ಸಿಯಲ್ಲಿ ಇದ್ದೀವಿ ಅನ್ನೋದಕ್ಕೆ ಕಣ್ಣಿಗೆ ಕಾಣೋ ಪುರಾವೆ ಸಿಕ್ಕಿದ್ದು ಅವತ್ತು. ನನಗೆ ಈ ಕಥೆ ಎಷ್ಟು ಸಲ ಓದಿದ್ರೂ ಮೈ ಜುಮ್ ಅನ್ನುತ್ತೆ.

ಘಟ್ಟದ_ಮೇಲೆ

ಚಾರ್ಮಾಡಿ ಘಾಟಿಲಿ ಮಂಜು ಮುಸುಕಿದಾಗ ಗಾಡಿ ಓಡಿಸಿದವರಿಗೆ ಹರ್ಷೆಲ್ ಪರಿಸ್ಥಿತಿ ಅರ್ಥ ಆಗುತ್ತೆ, ಸುತ್ತ ನಾಲ್ಕು ಮಾರು ಮಾತ್ರ ಕಾಣೋದು, ಅದರ ನಡುವೆ ನಾವೇ. ಆದ್ರೆ ಮೇಡಂ ಒಂದು ಡೌಟು. ಈ ದೊಡ್ಡ ನಕ್ಷತ್ರಗಳು ಸೂರ್ಯನ ಲಕ್ಷ ಪಟ್ಟು ಬೆಳಕು ಕೊಡ್ತಾವೆ ಅಂದ್ಮೇಲೆ ಎಷ್ಟೇ ಧೂಳಿದ್ರೂ ಕಾಣಬೇಕಲ್ವಾ? ಅವನ್ನೂ ಹುಡುಕೋಕೆ ಇಷ್ಟು ಒದ್ದಾಟ ಯಾಕೆ?

ರೋಹಿತ_ರೇಖೆ

ಧೂಳಿನ ಶಕ್ತಿ ನೋಡಿ. ಗ್ಯಾಲಕ್ಸಿ ಮಧ್ಯದ ದಿಕ್ಕಿಂದ ಹೊರಟ ಕಣ್ಣಿಗೆ ಕಾಣೋ ಬೆಳಕಲ್ಲಿ ಹತ್ತಿರ ಹತ್ತಿರ ಲಕ್ಷ ಕೋಟಿಗೆ ಒಂದು ಪಾಲು ಮಾತ್ರ ನಮಗೆ ತಲುಪುತ್ತೆ. ಲಕ್ಷ ಪಟ್ಟು ಅಲ್ಲ, ಹತ್ತು ಲಕ್ಷ ಪಟ್ಟು ಹೊಳೆದ್ರೂ ಅಲ್ಲಿ ಸಾಲಲ್ಲ. ಅದೇ ಇನ್ಫ್ರಾರೆಡ್ಡಲ್ಲಿ, ಅಂದ್ರೆ ಕೆಂಪಿನಾಚೆಯ ಕಣ್ಣಿಗೆ ಕಾಣದ ಬೆಳಕಲ್ಲಿ, ಎರಡು ಮೈಕ್ರಾನ್ ಅಲೆಯುದ್ದದ ಹತ್ತಿರ ನೋಡಿದ್ರೆ ಹತ್ತು ಹದಿನೈದರಲ್ಲಿ ಒಂದು ಪಾಲು ಬರುತ್ತೆ. ಆರ್ಚಸ್, ಕ್ವಿಂಟಪ್ಲೆಟ್ ಅನ್ನೋ ದೈತ್ಯ ನಕ್ಷತ್ರಗಳ ಗುಂಪುಗಳು ಗ್ಯಾಲಕ್ಸಿ ಮಧ್ಯದ ಪಕ್ಕದಲ್ಲೇ ಇವೆ, ಸಾದಾ ಟೆಲಿಸ್ಕೋಪಿಗೆ ಆ ಜಾಗ ಬರೀ ಕಪ್ಪು. ಇನ್ಫ್ರಾರೆಡ್ ಕ್ಯಾಮೆರಾ ಬಂದ ಮೇಲಷ್ಟೇ ಅವು ಇದಾವೆ ಅಂತ ಗೊತ್ತಾಗಿದ್ದು.

ಇನ್ನೊಂದು ತೊಂದರೆ ಇದೆ, ಮೇಷ್ಟ್ರು ಮಕ್ಕಳಿಗೆ ಇದನ್ನ ತಪ್ಪದೇ ಹೇಳಿ. ನೀಲಿ ಬೆಳಕನ್ನ ಧೂಳು ಜಾಸ್ತಿ ನುಂಗುತ್ತೆ, ಕೆಂಪನ್ನ ಕಮ್ಮಿ. ಹಾಗಾಗಿ ಧೂಳಿನ ಹಿಂದಿರೋ ಅಪ್ಪಟ ನೀಲಿ ದೈತ್ಯ ನಮಗೆ ಕೆಂಪಗೆ ಕಾಣುತ್ತೆ, ಹತ್ತಿರದಲ್ಲಿರೋ ಯಾವುದೋ ಮಾಮೂಲಿ ತಣ್ಣನೆ ನಕ್ಷತ್ರದ ಹಾಗೆ. ಬಣ್ಣ ಒಂದೇ ನೋಡಿದ್ರೆ ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಸ್ಪೆಕ್ಟ್ರಮ್ ತೆಗೆದು ಹೀಲಿಯಂ ಗೆರೆ ಇದೆಯಾ ನೋಡಬೇಕು, ಅದರಲ್ಲೂ ಎಲೆಕ್ಟ್ರಾನ್ ಕಳ್ಕೊಂಡ ಹೀಲಿಯಂ ಗೆರೆ ಸಿಕ್ಕಿದ್ರೆ ಅದು ಓ ಟೈಪ್ ಅಂತ ಖಾತ್ರಿ.

ಇದರಲ್ಲೇ ಇನ್ನೂ ಅಪರೂಪದ ಜಾತಿ ವುಲ್ಫ್-ರಾಯೆ ನಕ್ಷತ್ರಗಳು. 1867ರಲ್ಲಿ ಪ್ಯಾರಿಸ್ ವೀಕ್ಷಣಾಲಯದ ಚಾರ್ಲ್ಸ್ ವುಲ್ಫ್ ಮತ್ತೆ ಜಾರ್ಜ್ ರಾಯೆ ಸಿಗ್ನಸ್ ಕಡೆ ಮೂರು ನಕ್ಷತ್ರ ನೋಡಿದ್ರು, ಸ್ಪೆಕ್ಟ್ರಮ್ಮಲ್ಲಿ ಕಪ್ಪು ಗೆರೆ ಇರೋ ಬದಲು ಅಗಲಅಗಲವಾದ ಹೊಳೆಯೋ ಪಟ್ಟಿಗಳು. ಓ ಟೈಪ್ ನಕ್ಷತ್ರ ಮುದಿಯಾಗಿ ಹೊರಗಿನ ಹೈಡ್ರೋಜನ್ ಪದರ ಎಲ್ಲಾ ಕಳಚಿ, ಸೆಕೆಂಡಿಗೆ ಸಾವಿರದಿಂದ ಮೂರು ಸಾವಿರ ಕಿಲೋಮೀಟರ್ ವೇಗದಲ್ಲಿ ಗಾಳಿ ಊದ್ತಾ ಕೊನೇ ಕೆಲವು ಲಕ್ಷ ವರ್ಷ ಕಳೆಯೋ ಹಂತ ಇದು. ಇಷ್ಟು ಚಿಕ್ಕ ಹಂತ ಆಗಿರೋದ್ರಿಂದಲೇ ಅವು ಕೈಗೆ ಸಿಗೋದು ಕಷ್ಟ. 2001ರ ಪಟ್ಟಿಯಲ್ಲಿ ನಮ್ಮ ಇಡೀ ಗ್ಯಾಲಕ್ಸಿಯಲ್ಲಿ ಗೊತ್ತಿದ್ದಿದ್ದು 227. ಆಮೇಲೆ ಇನ್ಫ್ರಾರೆಡ್ ಸರ್ವೇ ಬಂದು ಈಗ 650 ದಾಟಿದೆ. ಒಟ್ಟು 1200ರ ಆಸುಪಾಸು ಇರಬೇಕು ಅಂತ ರಾಸ್ಲೋ ಮತ್ತೆ ಕ್ರೌದರ್ 2015ರಲ್ಲಿ ಅಂದಾಜು ಮಾಡಿದ್ರು. ಅಂದ್ರೆ ಹತ್ತಿರ ಹತ್ತಿರ ಅರ್ಧ ಇನ್ನೂ ಧೂಳಿನ ಹಿಂದೆ ಕೂತಿವೆ, ಹುಡುಕೋರಿಗೆ ಕೆಲಸ ಮುಗಿದಿಲ್ಲ.

ಧಾರವಾಡ_ಪೇಡಾ

ಮೇಡಂ ಭಾಳ ಚಲೋ ಬರದೀರಿ. ಆದ್ರ ನನಗೊಂದು ತಕರಾರು ಐತಿ ನೋಡ್ರಿ. ಹುಟ್ಟಿದಲ್ಲೇ ಸಾಯ್ತಾವ ಅಂದ್ರಿ. ಹಂಗಾದ್ರ ಓಡಿ ಹೋಗೋ ನಕ್ಷತ್ರ ಅದಾವಲ್ರೀ, ರನ್‌ಅವೇ ಅಂತಾರ, ಅವೂ ದೊಡ್ಡ ನಕ್ಷತ್ರಾನ. ಎಇ ಆರಿಗೇ ಮತ್ತ ಮ್ಯೂ ಕೊಲಂಬೇ ಅನ್ನೋ ಎರಡೂ ಓ ಟೈಪ್, ಒರಾಯನ್ ಕಡೆಯಿಂದ ಎದುರುಬದುರು ದಿಕ್ಕಿಗೆ ಸೆಕೆಂಡಿಗೆ 100 ಕಿಲೋಮೀಟರ್ ಸುಮಾರಿಗೆ ಓಡಾಕತ್ತಾವ. ಇಂಥಾವು ಇದ್ರ ನಿಮ್ಮ ನಕ್ಷೆ ಕೆಡೂದಿಲ್ಲೇನು?

ರೋಹಿತ_ರೇಖೆ

ಸರಿಯಾದ ಕಡೆ ಕೈ ಇಟ್ರಿ ಅಣ್ಣಾ. ಆ ಎರಡು ನಕ್ಷತ್ರಗಳ ಬಗ್ಗೆ 1954ರಲ್ಲಿ ಬರೆದವರು ಬ್ಲಾವ್ ಮತ್ತೆ ಅದೇ ಮಾರ್ಗನ್, ತೋಳು ಹುಡುಕಿದ ಮಾರ್ಗನ್ನೇ. ಲೆಕ್ಕ ಹಾಕೋಣ. ರನ್‌ಅವೇ ಅಂತ ಕರೆಯೋಕೆ ಸಾಮಾನ್ಯವಾಗಿ ಇಡೋ ಗಡಿ ಸೆಕೆಂಡಿಗೆ 30 ಕಿಲೋಮೀಟರ್. ಆ ವೇಗಕ್ಕೆ 10 ಲಕ್ಷ ವರ್ಷದಲ್ಲಿ 100 ಜ್ಯೋತಿರ್ವರ್ಷ ಹೋಗುತ್ತೆ, 50 ಲಕ್ಷ ವರ್ಷ ಬದುಕಿದ್ರೆ 500. ತೋಳಿನ ಅಗಲವೇ ಸಾವಿರ ಜ್ಯೋತಿರ್ವರ್ಷದ ಲೆಕ್ಕದಲ್ಲಿದೆ, ಒಂದು ತೋಳಿಂದ ಇನ್ನೊಂದಕ್ಕೆ ಹಲವು ಸಾವಿರ. ಹಾಗಾಗಿ ಬಹಳಷ್ಟು ನಕ್ಷತ್ರ ತೋಳಿನ ಒಳಗೇ ಉಳಿಯುತ್ತೆ. ನೀವು ಹೇಳಿದ ಜೋಡಿ ಥರ 100 ಕಿಲೋಮೀಟರ್ ಓಟದವು ತೋಳು ಬಿಟ್ಟು ಆಚೆ ಹೋಗಬಹುದು, ಅವನ್ನ ವೇಗ ನೋಡಿ ಪಟ್ಟಿಯಿಂದ ತೆಗೀತಾರೆ. ಒಂಟಿ ನಕ್ಷತ್ರಕ್ಕಿಂತ ಗುಂಪಲ್ಲಿರೋ ನಕ್ಷತ್ರಗಳನ್ನ, ಸುತ್ತ ಗ್ಯಾಸ್ ಮೋಡ ಇರೋದನ್ನ ಜಾಸ್ತಿ ನಂಬೋದಕ್ಕೂ ಇದೇ ಕಾರಣ.

ಓಡೋ ನಕ್ಷತ್ರದ ಮುಂದೆ ಗ್ಯಾಸ್ ಒತ್ತಿ ಬಿಲ್ಲಿನ ಆಕಾರದ ಅಲೆ ಬರುತ್ತೆ, ಇನ್ಫ್ರಾರೆಡ್ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತೆ. ಝೀಟಾ ಒಫಿಯೂಕೈ ಅನ್ನೋ ಓ ಟೈಪ್ ನಕ್ಷತ್ರದ ಮುಂದೆ ಇರೋದು ಪ್ರಸಿದ್ಧ. ಇಂಥ ಬಿಲ್ಲು, ದೊಡ್ಡ ನಕ್ಷತ್ರ ಊದಿದ ಗುಳ್ಳೆ ಇವನ್ನೆಲ್ಲ ಸ್ಪಿಟ್ಜರ್ ಚಿತ್ರಗಳಲ್ಲಿ ಗುರುತು ಹಾಕಿದವರಲ್ಲಿ ಬಹಳ ಜನ ವಿಜ್ಞಾನಿಗಳೇ ಅಲ್ಲ, ನಿಮ್ಮ ನಮ್ಮಂಥ ಸಾಮಾನ್ಯರು. 2010ರಲ್ಲಿ ಶುರುವಾದ ಮಿಲ್ಕಿ ವೇ ಪ್ರಾಜೆಕ್ಟಲ್ಲಿ 35,000ಕ್ಕೂ ಹೆಚ್ಚು ಜನ ಮನೇಲಿ ಕೂತು ಚಿತ್ರ ನೋಡಿ ನೋಡಿ 5106 ಗುಳ್ಳೆಗಳ ಪಟ್ಟಿ ಮಾಡಿದ್ರು, ಅದು 2012ರಲ್ಲಿ ಬಂತು. 2019ರ ಪಟ್ಟಿಯಲ್ಲಿ ಬಿಲ್ಲಿನ ಆಕಾರದವು 599. ಕಾಲೇಜು ಮೆಟ್ಟಿಲು ಹತ್ತದವರೂ ಇಂಥ ಕೆಲಸ ಮಾಡಬಹುದು, ಬೇಕಾಗಿರೋದು ತಾಳ್ಮೆ.

ಮಂಡ್ಯದ_ಗದ್ದೆ

ನಂಗೆ ಇದ್ರಲ್ಲಿ ಅರ್ಧ ಅರ್ಥ ಆಯ್ತು, ಆದ್ರೂ ಓದ್ತಾ ಇದ್ರೆ ಖುಷಿ ಆಗ್ತದೆ. ನಾವು ಮೃಗಶಿರಾ ಮಳೆ, ಆರಿದ್ರಾ ಮಳೆ ಅಂತ ನಕ್ಷತ್ರ ಲೆಕ್ಕದಲ್ಲೇ ಬಿತ್ತನೆ ಮಾಡೋರು. ಇವುಗಳಲ್ಲಿ ಯಾವ್ದಾದ್ರೂ ನೀವು ಹೇಳೋ ದೊಡ್ಡ ನಕ್ಷತ್ರ ಇದ್ಯಾ? ಟೆಲಿಸ್ಕೋಪ್ ಇಲ್ದೆ ಗದ್ದೆ ಬದು ಮೇಲೆ ನಿಂತು ನೋಡೋ ಹಾಗಿರೋದು ಹೇಳಿ.

ರೋಹಿತ_ರೇಖೆ

ಇದೆ ಅಣ್ಣಾ, ಒಂದಲ್ಲ ಹಲವು. ಮೃಗಶಿರಾ ಅಂತ ಗುರುತಿಸೋ ಮೂರು ಸಣ್ಣ ಚುಕ್ಕೆ ಇದೆಯಲ್ಲ, ಒರಾಯನ್ ಬೇಟೆಗಾರನ ತಲೆ ಭಾಗ, ಅದರಲ್ಲಿ ಮುಖ್ಯವಾದದ್ದು ಅಪ್ಪಟ ಓ ಟೈಪ್ ನಕ್ಷತ್ರ, ಸುಮಾರು 1300 ಜ್ಯೋತಿರ್ವರ್ಷ ದೂರ. ಅಷ್ಟು ದೂರದಿಂದ ಬರಿಗಣ್ಣಿಗೆ ಕಾಣುತ್ತೆ ಅಂದ್ರೆ ಎಷ್ಟು ಬೆಳಕಿರಬೇಕು ಯೋಚನೆ ಮಾಡಿ. ಅದರ ಕೆಳಗೆ ಕೆಂಪಗಿರೋ ಆರಿದ್ರಾ, ದೊಡ್ಡ ನಕ್ಷತ್ರ ಮುದಿಯಾಗಿ ಊದಿಕೊಂಡ ಹಂತ, ಕೆಂಪು ಮಹಾದೈತ್ಯ ಅಂತೀವಿ. ಬೇಟೆಗಾರನ ಸೊಂಟದ ಪಟ್ಟಿಯ ಎರಡು ತುದಿ ನಕ್ಷತ್ರಗಳೂ ಓ ಟೈಪ್. ವೃಶ್ಚಿಕದ ಜ್ಯೇಷ್ಠಾ ಇನ್ನೊಂದು ಕೆಂಪು ಮಹಾದೈತ್ಯ. ಚಿತ್ತಾ, ಅನುರಾಧಾ ಗುಂಪಿನ ಮುಖ್ಯ ನಕ್ಷತ್ರಗಳು ಬಿ ಟೈಪಿನ ಬಿಸಿ ನಕ್ಷತ್ರಗಳು. ಗ್ಯಾಲಕ್ಸಿಯ ಮಧ್ಯ ಇರೋದು ಮೂಲಾ ನಕ್ಷತ್ರದ ಹತ್ತಿರದ ದಿಕ್ಕಲ್ಲಿ. ಮೇ ಜೂನ್ ರಾತ್ರಿ ಮೋಡ ಇಲ್ದಿದ್ರೆ ಆ ಕಡೆ ಆಕಾಶಗಂಗೆ ದಪ್ಪಗೆ ಕಾಣೋದು ಅದಕ್ಕೇ, ನಡುವೆ ಕಪ್ಪಗೆ ಸೀಳಿದ ಹಾಗಿರೋದೇ ನಾವು ಇಷ್ಟೊತ್ತು ಮಾತಾಡಿದ ಧೂಳು.

ಧಾರವಾಡ_ಪೇಡಾ

ಮೂಲ ಪ್ರಶ್ನೆ ಹಂಗ ಉಳೀತಲ್ರೀ, ಎರಡೋ ನಾಲ್ಕೋ? ಸ್ಪಿಟ್ಜರ್‌ನವರು 2008ರಾಗ ಎರಡ ಅಂದ್ರು, ಪರ್ಸಿಯಸ್ ಒಂದು, ಸ್ಕ್ಯೂಟಮ್-ಸೆಂಟಾರಸ್ ಒಂದು. ನಾ ಅದನ್ನ ನಂಬಿಕೊಂಡು ಕುಂತೇನಿ. 11 ಕೋಟಿ ನಕ್ಷತ್ರ ಎಣಿಸಿ ಹೇಳ್ಯಾರ, ಕಮ್ಮಿ ಮಾತಲ್ಲ.

ರೋಹಿತ_ರೇಖೆ

ಇದರ ಮೇಲೆ ನನಗೆ ಗಟ್ಟಿ ಅಭಿಪ್ರಾಯ ಇದೆ, ಹೇಳ್ತೀನಿ. ಸ್ಪಿಟ್ಜರ್ ತಂಡ ಎಣಿಸಿದ್ದು ಮುಖ್ಯವಾಗಿ ವಯಸ್ಸಾದ ಕೆಂಪು ದೈತ್ಯಗಳನ್ನ, ಇವು ಸೂರ್ಯನಂಥವೇ ಮುದಿಯಾದ ನಕ್ಷತ್ರಗಳು, ಮಹಾದೈತ್ಯಗಳಲ್ಲ. ತೋಳಿನ ಉದ್ದಕ್ಕೆ ನೋಟ ಹಾಯೋ ದಿಕ್ಕಲ್ಲಿ ಎಣಿಕೆ ಏರಬೇಕು. ಸ್ಕ್ಯೂಟಮ್-ಸೆಂಟಾರಸ್ ದಿಕ್ಕಲ್ಲಿ ಏರಿತು, ಸ್ಯಾಜಿಟೇರಿಯಸ್ ತೋಳಿನ ದಿಕ್ಕಲ್ಲಿ ಏರಲಿಲ್ಲ, ಅದಕ್ಕೆ ಎರಡೇ ಮುಖ್ಯ ತೋಳು ಅಂದ್ರು. 2013ರ ಡಿಸೆಂಬರಲ್ಲಿ ಜೇಮ್ಸ್ ಅರ್ಕ್ಹಾರ್ಟ್ ಮತ್ತೆ ಜೊತೆಗಾರರು ಇನ್ನೊಂದು ಲೆಕ್ಕ ತಂದ್ರು, ಹನ್ನೆರಡು ವರ್ಷದ ಕೆಲಸ, ಸುಮಾರು 1650 ಎಳೆಯ ದೈತ್ಯ ನಕ್ಷತ್ರಗಳು. ಅವನ್ನ ನಕ್ಷೆ ಮೇಲಿಟ್ಟಾಗ ನಾಲ್ಕು ತೋಳಿಗೆ ಹೊಂದಿಕೊಂಡ್ವು. 1976ರಲ್ಲಿ ಫ್ರಾನ್ಸಿನ ಜಾರ್ಜೆಲಿನ್ ದಂಪತಿ ಹೊಳೆಯೋ ಹೈಡ್ರೋಜನ್ ಮೋಡಗಳಿಂದ ಬಿಡಿಸಿದ ನಕ್ಷೆಯಲ್ಲೂ ನಾಲ್ಕೇ ಇತ್ತು.

ಎರಡೂ ಸುಳ್ಳಲ್ಲ. ಕೇಳಿದ ಪ್ರಶ್ನೆ ಬೇರೆ ಬೇರೆ. ವಯಸ್ಸಾದ ನಕ್ಷತ್ರಗಳು ತಮ್ಮ ತೂಕದಿಂದ ಎಲ್ಲಿ ಗುಂಪಾಗಿವೆ ಅಂತ ಕೇಳಿದ್ರೆ ಎರಡು ಕಡೆ. ಗ್ಯಾಸ್ ಎಲ್ಲಿ ಒತ್ತಿಕೊಂಡು ಹೊಸದಾಗಿ ನಕ್ಷತ್ರ ಹುಟ್ತಿದೆ ಅಂತ ಕೇಳಿದ್ರೆ ನಾಲ್ಕು ಕಡೆ. 11 ಕೋಟಿ ಮುದಿ ನಕ್ಷತ್ರ ಹೇಳದೇ ಇದ್ದಿದ್ದನ್ನ 1650 ಎಳೇವು ಹೇಳಿದ್ವು ನೋಡಿ. ಎಣಿಕೆ ಎಷ್ಟು ಅನ್ನೋದಕ್ಕಿಂತ ಯಾರನ್ನ ಎಣಿಸಿದ್ರಿ ಅನ್ನೋದು ಇಲ್ಲಿ ದೊಡ್ಡದು.

ಆದ್ರೆ ನಾಲ್ಕು ಅಂತಾನೂ ಕಲ್ಲಲ್ಲಿ ಕೆತ್ತಿಲ್ಲ. 2023ರಲ್ಲಿ ಚೀನಾದ ಶೂ ಯೆ ತಂಡದವರು ಒಳಭಾಗದಲ್ಲಿ ಎರಡೇ ತೋಳು, ಹೊರಗೆ ಬರ್ತಾ ಬರ್ತಾ ಕವಲೊಡೆದು ತುಂಡು ತುಂಡಾಗುತ್ತೆ ಅಂತ ವಾದ ಮಾಡಿದಾರೆ. ಇನ್ನೂ ಚರ್ಚೆ ನಡೀತಿದೆ. ಮಕ್ಕಳಿಗೆ ಪಾಠದಲ್ಲಿ 'ನಾಲ್ಕು' ಅಂತ ಬರೆಸಿ ಮುಗಿಸೋ ಬದಲು ಈ ಜಗಳವನ್ನೇ ಹೇಳಿದ್ರೆ ವಿಜ್ಞಾನ ಹೆಂಗೆ ನಡೆಯುತ್ತೆ ಅಂತ ಅವರಿಗೆ ಗೊತ್ತಾಗುತ್ತೆ ಅನ್ನೋದು ನನ್ನ ಮಾತು.

ಪರ್ತ್_ಕನ್ನಡಿಗ

ತುಂಬಾ ದಿನದ ಮೇಲೆ ಕನ್ನಡದಲ್ಲಿ ಇಂಥ ಚರ್ಚೆ ಓದ್ತಿದೀನಿ, ಎಲ್ಲರಿಗೂ ಥ್ಯಾಂಕ್ಸ್. ಇಡೀ ಮಾತುಕತೆಯಲ್ಲಿ ದೂರ ಅಳೆಯೋ ವಿಷಯ ಬರಲೇ ಇಲ್ಲ, ಅಸಲಿ ಕಷ್ಟ ಇರೋದು ಅಲ್ಲೇ. ನಕ್ಷತ್ರ ಯಾವ ದಿಕ್ಕಲ್ಲಿದೆ ಅಂತ ಯಾರು ಬೇಕಾದ್ರೂ ಹೇಳಬಹುದು, ಎಷ್ಟು ದೂರ ಅಂತ ಗೊತ್ತಾಗದೆ ನಕ್ಷೆ ಬರಲ್ಲ. 1951ರಲ್ಲೇ ಹೈಡ್ರೋಜನ್ ಹೊರಡಿಸೋ 21 ಸೆಂಟಿಮೀಟರ್ ರೇಡಿಯೋ ಅಲೆ ಹಾರ್ವರ್ಡಲ್ಲಿ ಸಿಕ್ತು, ರೇಡಿಯೋಗೆ ಧೂಳು ಅಡ್ಡಿನೇ ಅಲ್ಲ, 1958ರಲ್ಲಿ ಊರ್ಟ್ ಮತ್ತೆ ಜೊತೆಗಾರರು ಇಡೀ ಗ್ಯಾಲಕ್ಸಿಯ ಗ್ಯಾಸ್ ನಕ್ಷೆ ಮಾಡಿಬಿಟ್ರು. ಆದ್ರೆ ಅವರು ದೂರ ಅಳೆದಿದ್ದು ವೇಗದಿಂದ, ಗ್ಯಾಸ್ ಇಷ್ಟು ವೇಗದಲ್ಲಿ ನಮ್ಮ ಕಡೆಗೋ ಆಚೆಗೋ ಹೋಗ್ತಿದೆ ಅಂದ್ರೆ ಇಷ್ಟು ದೂರ ಇರಬೇಕು ಅಂತ. ಗ್ಯಾಲಕ್ಸಿ ಒಳಭಾಗದಲ್ಲಿ ಒಂದೇ ವೇಗಕ್ಕೆ ಎರಡು ದೂರ ಬರುತ್ತೆ, ಹತ್ತಿರದ್ದೊಂದು, ಅದೇ ಗೆರೆ ಮೇಲೆ ಆಚೆ ಬದಿಯದ್ದೊಂದು. ಯಾವುದು ಸರಿ ಅಂತ ತಿಳಿಯೋದು ತಲೆನೋವು.

ಅದನ್ನ ಬಗೆಹರಿಸಿದ್ದು ಪ್ಯಾರಲಾಕ್ಸ್. ಭೂಮಿ ಸೂರ್ಯನ ಈ ಕಡೆ ಇದ್ದಾಗ ಒಂದು ಸಲ, ಆರು ತಿಂಗಳು ಬಿಟ್ಟು ಆ ಕಡೆ ಇದ್ದಾಗ ಒಂದು ಸಲ ನೋಡಿ ನಕ್ಷತ್ರ ಎಷ್ಟು ಜರುಗಿದ ಹಾಗೆ ಕಾಣುತ್ತೆ ಅಂತ ಅಳೆಯೋದು, ಬರೀ ರೇಖಾಗಣಿತ, ಯಾವ ಊಹೆನೂ ಬೇಡ. ಹುಟ್ತಿರೋ ದೈತ್ಯ ನಕ್ಷತ್ರಗಳ ಸುತ್ತ ಇರೋ ನೀರು, ಮೆಥನಾಲ್ ಅಣುಗಳು ತಾವಾಗೇ ಲೇಸರ್ ಥರ ರೇಡಿಯೋ ಅಲೆ ಹೊರಡಿಸ್ತಾವೆ, ಮೇಸರ್ ಅಂತಾರೆ. ಹವಾಯಿಯಿಂದ ಕೆರಿಬಿಯನ್ ದ್ವೀಪದವರೆಗೂ ಹರಡಿರೋ ಹತ್ತು ಆಂಟೆನಾ ಸೇರಿಸಿದ ವಿಎಲ್‌ಬಿಎ ಇಟ್ಕೊಂಡು ಮಾರ್ಕ್ ರೀಡ್ ತಂಡ ಈ ಮೇಸರ್‌ಗಳ ಪ್ಯಾರಲಾಕ್ಸ್ ಅಳೀತು, ಜಪಾನಿನವರ ವೆರಾ ಆಂಟೆನಾಗಳೂ ಸೇರಿದ್ವು. 2019ರ ಹೊತ್ತಿಗೆ ಸುಮಾರು 200 ಜಾಗಗಳ ದೂರ ಕೈಗೆ ಬಂತು. ಅದರಿಂದಲೇ ಗ್ಯಾಲಕ್ಸಿ ಮಧ್ಯಕ್ಕೆ ನಮ್ಮಿಂದ ಸುಮಾರು 26,600 ಜ್ಯೋತಿರ್ವರ್ಷ ಅಂತ ಬಂದಿದ್ದು. ನಾವಿರೋ ಒರಾಯನ್ ತೋಳು ಚಿಕ್ಕ ಕವಲಲ್ಲ, ಇಪ್ಪತ್ತು ಸಾವಿರ ಜ್ಯೋತಿರ್ವರ್ಷ ಉದ್ದದ ದೊಡ್ಡ ತುಂಡು ಅನ್ನೋದೂ ಇದೇ ಕೆಲಸದಿಂದ.

2017ರಲ್ಲಿ ಆಲ್ಬರ್ಟೋ ಸನ್ನಾ ತಂಡ ಗ್ಯಾಲಕ್ಸಿ ಮಧ್ಯವನ್ನೂ ದಾಟಿ ಆಚೆ ಬದಿಯಲ್ಲಿ 66,000 ಜ್ಯೋತಿರ್ವರ್ಷ ದೂರದ ಒಂದು ಮೇಸರ್‌ಗೆ ನೇರವಾಗಿ ಪ್ಯಾರಲಾಕ್ಸ್ ತೆಗೆದ್ರು. ಆ ಆಚೆ ಬದಿಯ ಹೆಚ್ಚಿನ ಭಾಗ ಇವತ್ತಿಗೂ ಖಾಲಿ. ಇನ್ನೊಂದು ಅಂದ್ರೆ ವಿಎಲ್‌ಬಿಎ, ವೆರಾ ಎರಡೂ ಉತ್ತರ ಗೋಳಾರ್ಧದವು, ದಕ್ಷಿಣದ ಆಕಾಶ ಅವಕ್ಕೆ ಕಾಣಲ್ಲ. ಅದಕ್ಕೇ ನಕ್ಷೆಯಲ್ಲಿ ಕಾಲು ಭಾಗದಷ್ಟು ಚುಕ್ಕಿಗಳೇ ಇಲ್ಲ, ಗೆರೆ ಊಹೆ ಮೇಲೆ ಎಳೆದಿರೋದು. ಈಗ ಆಸ್ಟ್ರೇಲಿಯಾ ಕಡೆಯ ಆಂಟೆನಾಗಳನ್ನ ಸೇರಿಸಿ ಆ ಭಾಗ ತುಂಬಿಸೋ ಕೆಲಸ ಶುರುವಾಗಿದೆ. ಇಲ್ಲಿ ನನ್ನ ತಲೆ ಮೇಲೆ ಕರೀನಾ, ಸೆಂಟಾರಸ್ ಕಡೆಯ ಆಕಾಶಗಂಗೆ ನೋಡ್ದಾಗೆಲ್ಲ ಇಷ್ಟು ಪ್ರಕಾಶವಾಗಿರೋ ಭಾಗದ ನಕ್ಷೆ ಇನ್ನೂ ಅರೆಬರೆ ಇದೆಯಲ್ಲ ಅಂತ ಸಂಕಟ ಆಗುತ್ತೆ.

ಕೋಡ್_ಕಾಫಿ

ಸರ್, ಮೇಡಂ, ನಾನು ಇಂಜಿನಿಯರಿಂಗ್ ಮೂರನೇ ವರ್ಷ. ನಕ್ಷತ್ರಗಳ ದೂರ ಅಳೆದ ಯುರೋಪಿನ ಗಾಯಾ ಉಪಗ್ರಹದ ಡೇಟಾ ಫ್ರೀಯಾಗಿ ಸಿಗುತ್ತೆ ಅಂತ ಗೊತ್ತಾಯ್ತು, 180 ಕೋಟಿ ನಕ್ಷತ್ರ. ಪೈಥಾನಲ್ಲಿ ನೀಲಿ ನಕ್ಷತ್ರ ಮಾತ್ರ ತೆಗೆದು ನಾನೇ ತೋಳು ಬಿಡಿಸಬಹುದಾ? ಏನೇನು ಹುಷಾರಾಗಿರಬೇಕು?

ಪರ್ತ್_ಕನ್ನಡಿಗ

ಖಂಡಿತ ಮಾಡು ತಮ್ಮಾ. ಗಾಯಾ 2013ರ ಡಿಸೆಂಬರಲ್ಲಿ ಹಾರಿ 2025ರ ಜನವರಿವರೆಗೂ ಅಳತೆ ಮಾಡ್ತು, ಈಗ ಉಪಗ್ರಹ ಆಫ್ ಆಗಿದೆ, ಆದ್ರೆ ಡೇಟಾ ಇನ್ನೂ ಬರೋದಿದೆ. ಸದ್ಯ 2022ರಲ್ಲಿ ಬಂದ ಮೂರನೇ ಬಿಡುಗಡೆ ತಗೋ. ಗಾಯಾ ತಂಡವೇ ಅದರಿಂದ ಸುಮಾರು 5,80,000 ಬಿಸಿ ನಕ್ಷತ್ರ ಆರಿಸಿ ತೋಳಿನ ನಕ್ಷೆ ಮಾಡಿದ್ರು, ನಿನ್ನ ಚಿತ್ರ ಬಂದ ಮೇಲೆ ಅದರ ಪಕ್ಕ ಇಟ್ಟು ನೋಡು.

ಮೊದಲನೇ ಹುಷಾರು, ಒಂದನ್ನ ಪ್ಯಾರಲಾಕ್ಸಿಂದ ಭಾಗಿಸಿ ದೂರ ತೆಗೀತಾರಲ್ಲ, ಅದು ಅಳತೆ ಗಟ್ಟಿ ಇದ್ದಾಗ ಮಾತ್ರ ಸರಿ. ಪ್ಯಾರಲಾಕ್ಸು ಅದರ ಎರರ್‌ನ ಹತ್ತು ಪಟ್ಟಾದ್ರೂ ಇರಬೇಕು ಅಂತ ಶುರುಗೆ ಇಟ್ಕೋ, ಇಲ್ದಿದ್ರೆ ಚುಕ್ಕಿಗಳು ಸೂರ್ಯನಿಂದ ಹೊರಕ್ಕೆ ಉದ್ದುದ್ದ ಎಳೆದ ಹಾಗೆ ಬರುತ್ತೆ, ಅದನ್ನ ತೋಳು ಅಂತ ತಿಳ್ಕೋಬೇಡ. ಕೆಲವಕ್ಕೆ ಪ್ಯಾರಲಾಕ್ಸ್ ಮೈನಸ್ ಬಂದಿರುತ್ತೆ, ಗಾಬರಿ ಆಗಬೇಡ, ಅಳತೆಯ ಗದ್ದಲ ಅದು. ಈ ಲೆಕ್ಕದಲ್ಲಿ ಹದಿನೈದು ಸಾವಿರ ಜ್ಯೋತಿರ್ವರ್ಷ ದಾಟಿದ ಮೇಲೆ ನಂಬಿಕೆ ಕಮ್ಮಿ ಮಾಡ್ಕೋ. ಬೇರೆದು ಮೇಡಂ ಹೇಳ್ತಾರೆ.

ರೋಹಿತ_ರೇಖೆ

ನೀಲಿ ಅಂದ ತಕ್ಷಣ ದೊಡ್ಡದು ಅಂತ ಅಂದ್ಕೋಬೇಡಪ್ಪ. ಶ್ವೇತಕುಬ್ಜಗಳು, ಬಿಸಿ ಸಬ್‌ಡ್ವಾರ್ಫ್‌ಗಳು ಕೂಡ ನೀಲಿನೇ, ಆದ್ರೆ ಅವು ಮುದಿ ನಕ್ಷತ್ರಗಳ ಉಳಿಕೆ, ತೋಳಿಗೂ ಅವಕ್ಕೂ ಸಂಬಂಧ ಇಲ್ಲ. ದೂರ ಗೊತ್ತಾದ ಮೇಲೆ ನಿಜವಾದ ಪ್ರಕಾಶ ಲೆಕ್ಕ ಹಾಕು, ಮಂದವಾಗಿದ್ರೆ ತೆಗೆದು ಹಾಕು. ಮೇಲೆ ಹೇಳಿದ ಹಾಗೆ ಧೂಳಿನ ಹಿಂದಿರೋ ನೀಲಿ ನಕ್ಷತ್ರ ಕೆಂಪಗೆ ಕಾಣೋದ್ರಿಂದ ಗಾಯಾ ಬಣ್ಣ ಒಂದೇ ಇಟ್ಕೊಂಡ್ರೆ ಒಳಗಡೆಯ ತೋಳುಗಳ ಅಸಲಿ ದೈತ್ಯಗಳೇ ಕೈಬಿಟ್ಟು ಹೋಗ್ತಾವೆ. ಟೂ-ಮಾಸ್ ಅನ್ನೋ ಇನ್ಫ್ರಾರೆಡ್ ಸರ್ವೇ ಡೇಟಾನೂ ಫ್ರೀ, ಎರಡನ್ನೂ ಜೋಡಿಸಿ ಬಣ್ಣ ನೋಡು, ಧೂಳಿಂದ ಕೆಂಪಾಗಿದ್ದಕ್ಕೂ ಹುಟ್ಟಿಂದಲೇ ತಣ್ಣಗಿರೋದಕ್ಕೂ ಅಲ್ಲಿ ದಾರಿ ಬೇರೆಯಾಗುತ್ತೆ. ನಿನ್ನ ಚಿತ್ರದಲ್ಲಿ ಪರ್ಸಿಯಸ್, ಒರಾಯನ್, ಸ್ಯಾಜಿಟೇರಿಯಸ್ ಮೂರರ ತುಂಡು ಎದ್ದು ಬಂದ್ರೆ ಕೆಲಸ ಸರಿ ಆಗಿದೆ ಅಂತ.

ಇನ್ನೊಂದು ಜಾಗ ಮರೀದೆ ನೋಡು. ಗ್ಯಾಲಕ್ಸಿ ಮಧ್ಯದ ಉದ್ದನೆ ನಕ್ಷತ್ರಗಳ ಪಟ್ಟಿ, ಅಂದ್ರೆ ಬಾರ್‌ನ ತುದಿ ಸ್ಕ್ಯೂಟಮ್ ತೋಳಿಗೆ ಸೇರೋ ಕಡೆ 2006ರಲ್ಲಿ 14 ಕೆಂಪು ಮಹಾದೈತ್ಯಗಳ ಒಂದು ಗುಂಪು, ಮುಂದಿನ ವರ್ಷ 26 ಇರೋ ಇನ್ನೊಂದು ಗುಂಪು ಸಿಕ್ತು. ಒಂದೇ ಗುಂಪಲ್ಲಿ ಅಷ್ಟು ಮಹಾದೈತ್ಯ ಒಟ್ಟಿಗೆ ಇರೋದು ಬಲು ಅಪರೂಪ. ಬಾರ್ ತೋಳಿಗೆ ತಾಗೋ ಜಾಗದಲ್ಲಿ ಗ್ಯಾಸ್ ಸೇರಿ ಕೆಲವು ಕೋಟಿ ವರ್ಷದ ಒಳಗೆ ಜೋರಾಗಿ ನಕ್ಷತ್ರ ಹುಟ್ಟಿದೆ ಅಂತ ಇದರಿಂದ ಗೊತ್ತಾಗುತ್ತೆ, ಬಾರ್ ಎಲ್ಲಿ ಮುಗಿಯುತ್ತೆ ಅನ್ನೋದಕ್ಕೂ ಒಳ್ಳೆ ಗುರುತು.

ಮೇಷ್ಟ್ರು_ತಿಪಟೂರು

ಎಲ್ಲರಿಗೂ ತುಂಬಾ ಧನ್ಯವಾದ, ಇಷ್ಟು ವಿವರ ಯಾವ ಪಠ್ಯದಲ್ಲೂ ಸಿಗ್ತಿರಲಿಲ್ಲ. ಇನ್ನೆರಡು ಕೇಳ್ತೀನಿ. ನಮ್ಮ ಕಡೆಯವರು ಈ ದೈತ್ಯ ನಕ್ಷತ್ರಗಳ ಮೇಲೆ ಕೆಲಸ ಮಾಡಿದಾರಾ? ವುಲ್ಫ್-ರಾಯೆ ಒಂದಾದ್ರೂ ಬರಿಗಣ್ಣಿಗೆ ಕಾಣೋ ಥರ ಇದೆಯಾ, ನಮ್ಮೂರಿಂದ?

ರೋಹಿತ_ರೇಖೆ

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಕಟ್ಟಿದ ವೈನು ಬಾಪು ಅವರಿಗೆ ವುಲ್ಫ್-ರಾಯೆ ನಕ್ಷತ್ರ ಅಂದ್ರೆ ಬಹಳ ಆಸಕ್ತಿ, ಈ ನಕ್ಷತ್ರಗಳ ಬಗ್ಗೆ 1971ರಲ್ಲಿ ಬ್ಯೂನಸ್ ಐರಿಸಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದ ಸಂಪುಟವನ್ನ ಅರ್ಜೆಂಟೀನಾದ ಖಗೋಳಜ್ಞ ಸಹಾದೆ ಜೊತೆ ಸಂಪಾದಿಸಿದವರು ಅವರೇ. ಲಡಾಖಿನ ಹಾನ್ಲೆಯಲ್ಲಿರೋ 2 ಮೀಟರ್ ಟೆಲಿಸ್ಕೋಪನ್ನ ಬೆಂಗಳೂರು ಪಕ್ಕದ ಹೊಸಕೋಟೆಯಲ್ಲಿ ಕೂತು ನಡೆಸ್ತಾರೆ. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟಲ್ಲಿ ನೇರಳಾತೀತ ಟೆಲಿಸ್ಕೋಪ್ ಇತ್ತಲ್ಲ, ಬಿಸಿ ನಕ್ಷತ್ರ ನೋಡೋಕೆ ಹೇಳಿಮಾಡಿಸಿದ್ದು, ಅದೂ ಈ ಸಂಸ್ಥೆಯ ಮುಂದಾಳತ್ವದ್ದೇ.

ಎರಡನೇದಕ್ಕೆ, ಇದೆ ಮೇಷ್ಟ್ರೇ. ಗಾಮಾ ವೆಲೋರಮ್. ಇಡೀ ಆಕಾಶದ ಅತ್ಯಂತ ಪ್ರಕಾಶದ ವುಲ್ಫ್-ರಾಯೆ, ಜೊತೆಗೊಂದು ಓ ಟೈಪ್ ನಕ್ಷತ್ರನೂ ಅದನ್ನ ಸುತ್ತುತ್ತೆ, ಸಾವಿರ ಜ್ಯೋತಿರ್ವರ್ಷದ ಮೇಲೆ ಸ್ವಲ್ಪ ದೂರ. ಫೆಬ್ರವರಿ ಕೊನೆ ಮಾರ್ಚ್ ಶುರುವಲ್ಲಿ ರಾತ್ರಿ ಹತ್ತರ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಬಲಗಡೆ ಕೆಳಗೆ ಅಗಸ್ತ್ಯ ನಕ್ಷತ್ರ ಪಳಪಳ ಹೊಳೀತಿರುತ್ತೆ. ನೇರ ಎದುರಿಗೆ, ದಿಗಂತದಿಂದ 30 ಡಿಗ್ರಿ ಮೇಲೆ ಕಾಣೋದೇ ಗಾಮಾ ವೆಲೋರಮ್. ಅದರ ನೆತ್ತಿ ಮೇಲೆ ಏಳು ಡಿಗ್ರಿ, ಅಂದ್ರೆ ಕೈ ಮುಂದಕ್ಕೆ ಚಾಚಿ ಮೂರು ನಾಲ್ಕು ಬೆರಳು ಅಡ್ಡ ಹಿಡಿದಷ್ಟು ಮೇಲೆ, ಝೀಟಾ ಪಪ್ಪಿಸ್, ಬರಿಗಣ್ಣಿಗೆ ಕಾಣೋದ್ರಲ್ಲಿ ತೀರಾ ಬಿಸಿಯಾದ ಓ ಟೈಪ್ ನಕ್ಷತ್ರಗಳಲ್ಲೊಂದು. ಏಪ್ರಿಲಲ್ಲಿ ಅದೇ ಹೊತ್ತಿಗೆ ಇನ್ನೂ ಕೆಳಗೆ ಬೈನಾಕ್ಯುಲರಿಗೆ ಕರೀನಾ ನೀಹಾರಿಕೆ ಸಿಗುತ್ತೆ, ಅದರೊಳಗಿರೋ ಈಟಾ ಕರೀನೇ 1843ರಲ್ಲಿ ಸ್ಫೋಟಗೊಂಡು ಒಂದಷ್ಟು ಕಾಲ ಆಕಾಶದ ಎರಡನೇ ಪ್ರಕಾಶದ ನಕ್ಷತ್ರ ಆಗಿತ್ತು.

ಘಟ್ಟದ_ಮೇಲೆ

ನನ್ನ ಹತ್ರ ಆರು ಇಂಚಿನ ಟೆಲಿಸ್ಕೋಪ್, ಡಿಎಸ್‌ಎಲ್‌ಆರ್ ಇದೆ. ವುಲ್ಫ್-ರಾಯೆ ಸ್ಪೆಕ್ಟ್ರಮ್ಮಿನ ಆ ಹೊಳೆಯೋ ಪಟ್ಟಿ ನಮ್ಮಂಥವರಿಗೆ ಹಿಡಿಯೋಕಾಗುತ್ತಾ ಮೇಡಂ?

ರೋಹಿತ_ರೇಖೆ

ಆರಾಮಾಗಿ ಆಗುತ್ತೆ. ಫಿಲ್ಟರ್ ಥರ ತಿರುಗಿಸಿ ಹಾಕೋ ಡಿಫ್ರಾಕ್ಷನ್ ಗ್ರೇಟಿಂಗ್ (ಬೆಳಕನ್ನ ಬಣ್ಣಗಳಾಗಿ ಬಿಡಿಸೋ ಸಣ್ಣ ಗೆರೆಗಳ ಗಾಜು) ಸಿಗುತ್ತೆ, ಮಿಲಿಮೀಟರಿಗೆ 100 ಗೆರೆ ಇರೋದು ತಗೊಳ್ಳಿ. ಮೊದಲು ಝೀಟಾ ಪಪ್ಪಿಸ್ ತೆಗೀರಿ, ಕಾಮನಬಿಲ್ಲಿನ ಬಣ್ಣ ಒಂದೇ ಸಮ ಹರಡಿರುತ್ತೆ, ಕಪ್ಪು ಗೆರೆಗಳು ತೀರಾ ಸಣ್ಣ, ಕಂಡರೂ ಕಾಣಬಹುದು ಇಲ್ಲದಿರಬಹುದು. ಫೋಕಸ್, ಎಕ್ಸ್‌ಪೋಶರ್ ಏನೂ ಬದಲಾಯಿಸದೆ ಏಳು ಡಿಗ್ರಿ ಕೆಳಗಿಳಿಸಿ ಗಾಮಾ ವೆಲೋರಮ್ ತೆಗೀರಿ. ನೀಲಿ ಭಾಗದಲ್ಲಿ ಒಂದು, ಹಳದಿ ಕಡೆ ಎರಡು ಕಡೆ ಬೆಳಕು ಗಂಟು ಕಟ್ಟಿದ ಹಾಗೆ ಎದ್ದು ಕಾಣುತ್ತೆ, ಅದು ನಕ್ಷತ್ರ ಊದ್ತಿರೋ ಕಾರ್ಬನ್ ಗಾಳಿ. ನಗರದ ಬೆಳಕಿದ್ರೂ ಪರವಾಗಿಲ್ಲ, ದಕ್ಷಿಣ ದಿಕ್ಕು ಮಾತ್ರ ಬೆಟ್ಟ ಅಡ್ಡ ಇಲ್ದೆ ತೆರೆದಿರೋ ಜಾಗ ನೋಡ್ಕೊಳ್ಳಿ. ಎರಡೂ ಚಿತ್ರ ಇಲ್ಲಿ ಹಾಕಿ, ಯಾವ ಗೆರೆ ಯಾವುದು ಅಂತ ಗುರುತು ಹಾಕಿ ಕೊಡ್ತೀನಿ.